ಅರವತ್ತೆಂಟೂವರೆ ಗಂಟೆ

ಚಾಮರಾಜನಗರ
15 ಅಕ್ಟೋಬರ್ 2024

ನಾಗಲಕ್ಷ್ಮಿಗೆ,

ಮಕ್ಕಳ ಸಿರಪ್ ಇಟ್ಟಿರುವ ಚೇಂಬರ್ ಅರವತ್ತೆಂಟೂವರೆ ಗಂಟೆ ಆಫ್ ಆಗಿತ್ತು. ಆಯುಧಪೂಜೆಯ ಶುಕ್ರವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತರಿಂದ ನಿನ್ನೆ ಸೋಮವಾರ ಬೆಳಿಗ್ಗೆ ಏಳು ಐವತ್ತರವರೆಗೆ. ಮೊದಲು ನೋಡಿ ತಿಳಿಸಿದವಳು ಕುಮಾರಿ, ನಮ್ಮ ಎಲೆಕ್ಟ್ರಿಷಿಯನ್ ಮೂಗಯ್ಯನ ಮಗಳು. ನಿನ್ನ ಕೈಕೆಳಗೆ ಟ್ರೇನಿಯಾಗಿ ಸೇರಿದ್ದ ಹುಡುಗಿ ಈಗ ಕ್ವಾಲಿಟಿ ವಿಭಾಗದಲ್ಲಿ ಅನಲಿಸ್ಟ್.

ಮೂರು ವರ್ಷದಿಂದ ನೀನು ನನ್ನ ಫೋನ್ ಎತ್ತಿಲ್ಲ. ಅದಕ್ಕೇ ಕಾಗದ. ಬರೆದದ್ದನ್ನು ಓದದೆ ಪಕ್ಕಕ್ಕಿಡುವ ಅಭ್ಯಾಸ ನಿನಗೆ ಎಂದೂ ಇರಲಿಲ್ಲ.

ಇದು ನೀನು ಹೋದ ಮೇಲೆ ಬಂದ ಹೊಸ ಚೇಂಬರ್. ಸಿರಪ್ ಎರಡು ವರ್ಷ ಕೆಡದೆ ಉಳಿಯುತ್ತದೆಯೇ ಎಂದು ನೋಡಲು ಮೂವತ್ತು ಡಿಗ್ರಿ ಶಾಖ, ಶೇಕಡಾ ಎಪ್ಪತ್ತೈದರ ತೇವದಲ್ಲಿ ಶೀಶೆಗಳನ್ನು ಇಟ್ಟದ್ದು ಕಳೆದ ವರ್ಷ ಏಪ್ರಿಲ್ 17ರಂದು. ನಾಡಿದ್ದು ಗುರುವಾರ ಹದಿನೆಂಟನೇ ತಿಂಗಳ ಶೀಶೆಗಳನ್ನು ತೆಗೆದು ಪರೀಕ್ಷಿಸಬೇಕು. ಜನವರಿಯಲ್ಲಿ ಅನುಮತಿಗೆ ಕಡತ ಕೊಡಬೇಕು. ನಿನ್ನೆ ಬಾಗಿಲು ತೆರೆದಾಗ ಒಳಗೆ ಇಪ್ಪತ್ತಾರು ಡಿಗ್ರಿ, ತೇವ ಅರವತ್ತೊಂದು. ಮೂರು ದಿನ ತಂಪಿನಲ್ಲಿದ್ದ ಮಾತ್ರಕ್ಕೆ ಸಿರಪ್ ಕೆಟ್ಟಿರಲಾರದು. ಆದರೆ ದಾಖಲೆಯಲ್ಲಿ ಮೂರು ದಿನದ ತೂತು ಬಿದ್ದಿದೆ. ಔಷಧ ನಿಯಂತ್ರಣ ಇಲಾಖೆಯವರು ಆ ತೂತನ್ನು ಹಿಡಿದು ಎಲ್ಲವನ್ನೂ ತಳ್ಳಿಹಾಕಿದರೆ ಮತ್ತೆ ಮೊದಲಿನಿಂದ, ಮತ್ತೆ ಎರಡು ವರ್ಷ.

ನೀನಾಗಿದ್ದರೆ ಏನು ಮಾಡುತ್ತಿದ್ದೆ? ಇಷ್ಟನ್ನು ಬರೆದು ಕಳಿಸು, ಸಾಕು. ಅಮ್ಮ ಚೆನ್ನಾಗಿದ್ದಾಳೆ. ನಿನ್ನನ್ನು ಕೇಳುತ್ತಿರುತ್ತಾಳೆ.

ಶಿವರುದ್ರಸ್ವಾಮಿ


ಗುಂಡ್ಲುಪೇಟೆ
18 ಅಕ್ಟೋಬರ್ 2024

ಸ್ವಾಮಣ್ಣನಿಗೆ,

ಕಾಗದ ತಲುಪಿತು. ಎರಡು ಸಲ ಓದಿದೆ.

ಆಫ್ ಆದದ್ದು ಎಷ್ಟು ಹೊತ್ತಿಗೆ, ಒಳಗಿನ ಶಾಖ ಎಷ್ಟು, ತೇವ ಎಷ್ಟು, ಎಲ್ಲ ಬರೆದಿದ್ದೀಯ. ಆಫ್ ಮಾಡಿದವರು ಯಾರು ಎಂದು ಬರೆದಿಲ್ಲ. ಅಲಾರಂ ಏನಾಯಿತು ಎಂದೂ ಇಲ್ಲ. ನಾನು ಇದ್ದಾಗ ಹಳೇ ಚೇಂಬರಿನ ಅಲಾರಂ ಗೇಟಿನ ವಾಚ್‌ಮನ್‌ಗೂ ಕೇಳಿಸುತ್ತಿತ್ತು.

ಏನು ಮಾಡಬೇಕು ಎಂಬುದು ಕಷ್ಟದ ಪ್ರಶ್ನೆ ಅಲ್ಲ. ನಡೆದದ್ದನ್ನು ನಡೆದ ಹಾಗೆ, ಮಾಡಿದವರ ಹೆಸರು ಹಾಕಿ ಬರೆಯಬೇಕು. ಮೂವತ್ತು ದಿನದೊಳಗೆ. ಅಂದರೆ ನವೆಂಬರ್ 13. ‘ಕರೆಂಟು ಹೋಗಿತ್ತು’ ಎಂದು ಬರೆಯುವ ಯೋಚನೆ ಇದ್ದರೆ ಬಿಡು. ಪಕ್ಕದ ಕೋಣೆಯ ಫ್ರಿಜ್ಜು ಆ ಮೂರು ದಿನವೂ ಓಡಿದ್ದಕ್ಕೆ ದಾಖಲೆ ಇರುತ್ತದೆ.

ಚೇಂಬರ್ ಯಾವ ಪೂಜೆಗೂ ನಿಲ್ಲುವಂತಿಲ್ಲ ಎಂದು 2009ರಲ್ಲೇ ಬೋರ್ಡ್ ಬರೆಸಿ ತೂಗುಹಾಕಿದ್ದೆ. ಅದು ಎಲ್ಲಿ ಹೋಯಿತು?

ದೊಡ್ಡಮ್ಮನಿಗೆ ನಮಸ್ಕಾರ ತಿಳಿಸು.

ನಾಗಲಕ್ಷ್ಮಿ


ಉಡಿಗಾಲ
22 ಅಕ್ಟೋಬರ್ 2024

ಪೂಜ್ಯ ಮೇಡಂ ಅವರಿಗೆ,

ನಿಮಗೆ ಸರ್ ಕಾಗದ ಬರೆದಿದ್ದಾರೆಂದು ಆಫೀಸಿನಲ್ಲಿ ತಿಳಿಯಿತು. ಫೋನಿನಲ್ಲಿ ಹೇಳಲು ಆಗದ್ದರಿಂದ ನಾನೂ ಬರೆಯುತ್ತಿದ್ದೇನೆ. ನನ್ನ ಮಾತು ಕೇಳಿಸಿಕೊಳ್ಳಲು ಮನೆಯಲ್ಲಿ ಅಪ್ಪ ಇರುತ್ತಾರೆ, ಕಂಪನಿಯಲ್ಲೂ ಅಪ್ಪ ಇರುತ್ತಾರೆ.

ವರದಿ ಬರೆಯಬೇಕಾದವಳು ನಾನು. ಎಲ್ಲ ತುಂಬಿದ್ದೇನೆ. ‘ಆಫ್ ಮಾಡಿದವರು’ ಎಂಬಲ್ಲಿ ಮಾತ್ರ ಖಾಲಿ ಬಿಟ್ಟಿದ್ದೇನೆ. ಪೂಜೆಯ ದಿನ ನನಗೆ ರಜೆ ಇತ್ತು, ಮನೆಯಲ್ಲಿದ್ದೆ.

ಭಾನುವಾರ ಊಟಕ್ಕೆ ಕೂತಾಗ ಅಪ್ಪ ಹೇಳಿದರು: “ಕುಮಾರಿ, ಅಲ್ಲಿ ನನ್ನೆಸ್ರು ಬರಿಯಮ್ಮಿ.”

“ನೀನು ಆರಿಸಿದ್ದಾ ಅಪ್ಪ?”

“ಆರ್ಸುದ್ನೋ ಇಲ್ವೋ, ಬರಿ ಅಂದ್ರೆ ಬರಿ. ನಾ ಮಾರ್ಚಿಗೆ ರಿಟೇರು. ನನ್ ಕೆಲ್ಸ ಕಿತ್ರೂ ಐದ್ ತಿಂಗ್ಳು. ಬುದ್ದಿಯವ್ರ ಎಸ್ರು ಬಂದ್ರೆ ಕಂಪ್ನಿನೇ ಓಯ್ತದೆ.”

“ಬುದ್ದಿ ಅನ್ಬೇಡ, ಸರ್ ಅನ್ನು ಅಂತ ಎಷ್ಟು ಸಲ ಹೇಳಿದೀನಿ.”

“ಆಯ್ತು ಕಣಮ್ಮಿ, ಸಾರವ್ರ ಎಸ್ರು.”

ಹೀಗೆ ಯಾರು ಎಂಬುದು ಗೊತ್ತಾಯಿತು. ಅಲ್ಲಿಯವರೆಗೆ ನಾನು ಹೊಸ ಹೆಲ್ಪರ್‌ಗಳಲ್ಲಿ ಯಾರೋ ಎಂದುಕೊಂಡಿದ್ದೆ. ಅಮ್ಮ ಮುದ್ದೆ ತೊಳಸುತ್ತಾ ಇದ್ದವಳು ಕೋಲು ಹಿಡಿದೇ ತಿರುಗಿದಳು. “ಊರ್ನೋರ್ ತೆಪ್ಪೆಲ್ಲ ಒತ್ಕಳಕ್ಕೆ ನಿನ್ ಎಗ್ಲೇ ಸಿಗೋದಾ ಅವ್ರ್ಗೆ? ಇಳಿಸ್ಬುಡು ಇನ್ನಾರ” ಎಂದಳು. ಅಪ್ಪ ನಕ್ಕರು. “ನೀ ಮುದ್ದೆ ಸೀಸ್ಬ್ಯಾಡ, ಆ ತೆಪ್ಪೂ ನನ್ ಮ್ಯಾಲೇ ಬಂದದು” ಎಂದರು.

ಮಾರನೆಯ ದಿನ ಅಪ್ಪ ಸರ್ ಕೋಣೆಗೆ ಹೋಗಿ ಇದನ್ನೇ ಹೇಳಿದರಂತೆ. ಸರ್ ಏನೂ ಅನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಅದೇ ನನಗೆ ತಡೆಯಲಾಗುತ್ತಿಲ್ಲ, ಮೇಡಂ.

ಅಪ್ಪನ ಹೆಸರು ಬರೆದರೆ ನನ್ನ ಕೈಯಿಂದಲೇ ಸುಳ್ಳು ಬರೆದ ಹಾಗೆ. ಸರ್ ಹೆಸರು ಬರೆಯಲು ನಾನು ಕಣ್ಣಲ್ಲಿ ಕಂಡಿಲ್ಲ. ಏನು ಮಾಡಲಿ?

ನಿಮ್ಮ ವಿಧೇಯಳು,
ಕುಮಾರಿ


ಗುಂಡ್ಲುಪೇಟೆ
25 ಅಕ್ಟೋಬರ್ 2024

ಕುಮಾರಿ,

ನೀನು ಕಂಡದ್ದನ್ನು ಮಾತ್ರ ಬರಿ. ಸೋಮವಾರ ಏಳು ಐವತ್ತಕ್ಕೆ ನೀನು ಕಂಡದ್ದು ಆಫ್ ಆಗಿದ್ದ ಸ್ವಿಚ್ಚು. ಅಷ್ಟಕ್ಕೆ ಸಹಿ ಹಾಕು. ಆ ಜಾಗ ಖಾಲಿಯೇ ಇರಲಿ. ಯಾರು ಹೇಳಿದರೂ ತುಂಬಬೇಡ, ನಿಮ್ಮಪ್ಪ ಹೇಳಿದರೂ ಸರಿ.

ಇದರ ಜೊತೆಗೇ ಸ್ವಾಮಣ್ಣನಿಗೂ ಬರೆಯುತ್ತಿದ್ದೇನೆ. ನೀನು ಬರೆದದ್ದು ನನ್ನ ಬಳಿಯೇ ಇರುತ್ತದೆ.

ನಾಗಲಕ್ಷ್ಮಿ


ಗುಂಡ್ಲುಪೇಟೆ
25 ಅಕ್ಟೋಬರ್ 2024

ಸ್ವಾಮಣ್ಣ,

ನನ್ನ ಮೆಡಿಕಲ್ ಸ್ಟೋರಿಗೆ ವಾರಕ್ಕೊಮ್ಮೆ ಕಾಡಂಚಿನ ಹಾಡಿಯಿಂದ ಒಬ್ಬ ತಾಯಿ ಬರುತ್ತಾಳೆ. ಮಗನಿಗೆ ನಾಲ್ಕು ವರ್ಷ, ಸಿಕಲ್ ಸೆಲ್ ಕಾಯಿಲೆ. ರಕ್ತದ ಕಣ ಕುಡುಗೋಲಿನ ಹಾಗೆ ಬಾಗಿಕೊಂಡು, ಚಳಿ ಬಂತೆಂದರೆ ಮಗು ಮೈಕೈ ನೋವಿಗೆ ಕಿರುಚುತ್ತದೆ. ಡಾಕ್ಟರು ಬರೆದುಕೊಡುವುದು ದೊಡ್ಡವರ ಕ್ಯಾಪ್ಸೂಲು. ಅದನ್ನು ಬಿಚ್ಚಿ, ಪುಡಿಯನ್ನು ಕಾಗದದ ಮೇಲೆ ಹರಡಿ, ಕಣ್ಣಂದಾಜಿನಲ್ಲಿ ಭಾಗ ಮಾಡುತ್ತಾಳೆ. ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ. ನಮ್ಮ ಸಿರಪ್ ಬಂದರೆ ಅಳತೆಯ ಮುಚ್ಚಳದಲ್ಲಿ ಹಾಕಿ ಕುಡಿಸಬಹುದು. ಎರಡು ವರ್ಷ ತಡವಾದರೆ ಏನು ಎಂದು ನಿನಗೆ ಯಾರೂ ಹೇಳಬೇಕಿಲ್ಲ. ಸುಳ್ಳು ವರದಿ ಸಿಕ್ಕಿಬಿದ್ದರೆ ಎರಡು ವರ್ಷವಲ್ಲ, ಎಂದೂ ಬರುವುದಿಲ್ಲ.

ಇದನ್ನು ಬರೆಯಲು ಕೂತವಳು ಇನ್ನೊಂದನ್ನು ಬರೆಯಬೇಕಾಗಿದೆ.

1994ರಲ್ಲಿ ತೆರಕಣಾಂಬಿಯ ಅಜ್ಜನ ಅರಿಸಿನದ ಷೆಡ್ಡಿನಲ್ಲಿ ಹೊನ್ನಮರಡಿ ಲ್ಯಾಬ್ಸ್ ಶುರುವಾದಾಗ ನಾವು ನಾಲ್ಕು ಜನ. ಅರಿಸಿನದ ಸಾರ ತೆಗೆದು ಮಾರಿದೆವು, ಆಮೇಲೆ ಸುಟ್ಟಗಾಯದ ಮುಲಾಮು, ಆಮೇಲೆ ಚಾಮರಾಜನಗರದ ಕಟ್ಟಡ. 2009ರಲ್ಲಿ, ಬೇರೆಯವರ ಔಷಧಿಯನ್ನೇ ಮಾಡಿ ಮಾರುವುದು ಸಾಕು, ನಮ್ಮದೇ ಸಂಶೋಧನೆ ಬೇಕು ಎಂದು ನೀನು ಹಟ ಹಿಡಿದಾಗ ಮನೆಯವರೆಲ್ಲ ನಿನಗೆ ತಲೆ ಕೆಟ್ಟಿದೆ ಎಂದರು. ನಾನೊಬ್ಬಳು ನಿನ್ನ ಜೊತೆ ನಿಂತೆ. ಇವನ್ನೆಲ್ಲ ನೀನು ಭಾಷಣಗಳಲ್ಲಿ ಹೇಳುತ್ತೀಯ. ಹೇಳದ್ದು ಒಂದಿದೆ. ಅದು ನಿನಗೂ ಗೊತ್ತಿಲ್ಲ.

1998ರ ಫೆಬ್ರವರಿಯಲ್ಲಿ ಡ್ರೈಯರಿನಲ್ಲಿ ಒಂದು ಬ್ಯಾಚ್ ಪೂರಾ ಕರಿಯಾಯಿತಲ್ಲ, ಆ ದಿನದ ಚೀಟಿ ಬರೆದವಳು ನಾನು. ಅರವತ್ತು ಡಿಗ್ರಿ ಎನ್ನುವ ಕಡೆ ಎಂಬತ್ತು ಎಂದು ಬರೆದಿದ್ದೆ. ಮೂಗಯ್ಯ ಚೀಟಿಯ ಪ್ರಕಾರ ಗುಂಡಿ ತಿರುಗಿಸಿದ್ದ. ನೀನು ಬಂದು ಕೂಗಾಡಿದಾಗ ಅವನು, “ನಾನೇ ತೆಪ್ಪಾಗ್ ತಿರುವ್ಬುಟ್ಟೆ ಬುದ್ದಿ” ಎಂದ. ಚೀಟಿ ನನ್ನ ಕೈಯಲ್ಲೇ ಇತ್ತು. ಮಡಿಸಿ ಬ್ಯಾಗಿಗೆ ಹಾಕಿಕೊಂಡೆ. ನೀನು ಒಂದು ತಿಂಗಳು ಅವನನ್ನು ಕೆಲಸಕ್ಕೆ ಬರಬೇಡ ಎಂದೆ. ನಾನು ಸುಮ್ಮನಿದ್ದೆ. ಅಂದಿನಿಂದ ಬರೆದದ್ದನ್ನೆಲ್ಲ ಎರಡು ಸಲ ನೋಡುತ್ತೇನೆ. ಜನ ಅದನ್ನು ಶಿಸ್ತು ಎನ್ನುತ್ತಾರೆ.

ಇಪ್ಪತ್ತಾರು ವರ್ಷ ಆಯಿತು. ಅವನು ಈಗ ಯಾರ ತಪ್ಪನ್ನು ಹೊರಲು ಬಂದಿದ್ದಾನೆ ಎಂದು ನಾನು ಕೇಳುವುದಿಲ್ಲ.

ನಾಗಲಕ್ಷ್ಮಿ


ಚಾಮರಾಜನಗರ
12 ನವೆಂಬರ್ 2024

ನಾಗು,

ವರದಿ ಇವತ್ತು ಮಧ್ಯಾಹ್ನ ಹೋಯಿತು. ಆಫ್ ಮಾಡಿದವರು: ಶಿವರುದ್ರಸ್ವಾಮಿ, ವ್ಯವಸ್ಥಾಪಕ ನಿರ್ದೇಶಕ. ನನ್ನ ಕೈಬರಹದಲ್ಲೇ ತುಂಬಿದೆ. ಕುಮಾರಿ ಎದುರು ನಿಂತಿದ್ದಳು. ದಿನಾಂಕದ ಕೆಳಗೆ ಸಮಯ ಹಾಕಲಿಲ್ಲ ಎಂದು ವಾಪಸ್ ಕೊಟ್ಟಳು. ನಿನ್ನ ಶಿಷ್ಯೆಯೇ ಸರಿ.

ನಿನ್ನ ಕಾಗದ ಬಂದು ಹದಿನೈದು ದಿನದ ಮೇಲಾಯಿತು. ದೀಪಾವಳಿ ಬಂತು ಎಂದು ಸುಳ್ಳು ಹೇಳಬಹುದು. ಹೆದರಿಕೆ, ಅಷ್ಟೆ. ಈಗ ಕಂಪನಿಯಲ್ಲಿ ನೂರ ಎಂಬತ್ತಾರು ಜನ ಇದ್ದಾರೆ, ಅವರಲ್ಲಿ ನಲವತ್ತೊಂದು ಜನ ಸಂಶೋಧನೆಯಲ್ಲಿ. ಯಜಮಾನನೇ ಚೇಂಬರ್ ಆರಿಸಿದ ಎಂದರೆ ಇಲಾಖೆ ಬೇರೆ ಔಷಧಿಗಳ ದಾಖಲೆಗಳನ್ನೂ ಕೆದಕಬಹುದು. ಮೂಗಯ್ಯ ಬಂದು ‘ನನ್ನೆಸ್ರು ಹಾಕಿ’ ಎಂದಾಗ ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ಅವನು ಫ್ಯಾನಿನ ರೆಗ್ಯುಲೇಟರ್ ಸರಿಯಿಲ್ಲ ಎಂದು ಅದನ್ನು ಬಿಚ್ಚಿ ಸರಿಮಾಡಿ ಹೋದ.

ಆ ದಿನ ನಡೆದದ್ದು ಇಷ್ಟು. ಅಮ್ಮನಿಗೆ ಎಂಬತ್ತನಾಲ್ಕು. ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಎಲ್ಲ ಯಂತ್ರಗಳ ಹತ್ತಿರವೂ ಕರೆದುಕೊಂಡು ಹೋದೆವು. ಮೂಗಯ್ಯ ಮೂವತ್ತು ವರ್ಷದಿಂದ ಮಾಡಿದ ಹಾಗೆ ಒಂದೊಂದನ್ನೂ ಆರಿಸಿ, ಒರೆಸಿ, ಚೆಂಡುಹೂವಿನ ಹಾರ ಹಾಕಿದ್ದ. ಚೇಂಬರ್ ಒಂದು ಮಾತ್ರ ಓಡುತ್ತಿತ್ತು.

“ಇದೇನ್ಲಾ ಗುಯ್ಗುಡ್ತಾ ಅದೆ?” ಎಂದಳು ಅಮ್ಮ.

“ಅದ ನಿಲ್ಸಂಗಿಲ್ಲ ಕಣವ್ವ. ಔಷ್ದಿ ಎರಡ್ವರ್ಷ ಕೆಡ್ದಂಗ್ ಇದ್ದದಾ ಅಂತ ಸೆಕೇಲಿ ಕೂರ್ಸಿ ನೋಡ್ತಾ ಇದೀವಿ” ಎಂದೆ.

“ಎರಡ್ವರ್ಷ ಸೆಕೇಲಿ ಕೂತಿರೋವ್ಕೆ ಅಬ್ಬದ್ ದಿನಾನೂ ಒಂದ್ಗಳ್ಗೆ ಗಾಳಿ ಬ್ಯಾಡ್ವೇನ್ಲಾ? ತಿರುಗ್ತಾ ಇರೋ ಮಿಷಿನ್ಗೆ ಇಬೂತಿ ಇಕ್ಕೋದು ಎಲ್ಲಾರ ಉಂಟಾ? ಆರ್ಸ್ಲಾ.”

ಮೂಗಯ್ಯ ಮುಂದೆ ಬಂದ. “ಬುದ್ದಿ, ನಾಗಮ್ಮೋರು ಇದ್ನ ಮುಟ್ಬ್ಯಾಡಿ ಅಂತಿದ್ರು.”

ನಾನು ಅಂದದ್ದು ಇದು: “ಅವ್ಳಿಲ್ವಲ್ಲ ಈಗ. ಒಂದ್ನಿಮ್ಷ ಕಣ, ಸುಮ್ನಿರು.”

ಸ್ವಿಚ್ಚು ಆರಿಸಿದೆ. ಮಂಗಳಾರತಿಯ ನಡುವೆ ಅಲಾರಂ ಕೂಗಿತು. ಅದನ್ನೂ ಆರಿಸಿದೆ. ಆಮೇಲೆ ಕುಂಬಳಕಾಯಿ ಒಡೆದದ್ದು, ಊಟ, ಬಂದವರಿಗೆಲ್ಲ ಸಿಹಿ. ಸ್ವಿಚ್ಚು ಮತ್ತೆ ಹಾಕುವುದು ಮರೆತೆ. ಶನಿವಾರ ವಿಜಯದಶಮಿ, ಆಮೇಲೆ ಭಾನುವಾರ. ನಿನ್ನ ಬೋರ್ಡನ್ನು ಹೊಸ ಬಣ್ಣ ಹೊಡೆಸುವಾಗ ತೆಗೆಸಿದವನೂ ನಾನೇ. ಅದು ಎಲ್ಲಿದೆಯೋ ಗೊತ್ತಿಲ್ಲ.

ಹದಿನೆಂಟನೇ ತಿಂಗಳ ಶೀಶೆಗಳ ಫಲಿತಾಂಶ ಬಂದಿದೆ. ಔಷಧಿ ಕೆಡುವಾಗ ಹುಟ್ಟುವ ಬೇಡದ ಅಂಶ ಶೇಕಡಾ 0.21. ಮಿತಿ 0.50. ನಿನಗೆ ಈ ಅಂಕಿ ಬೇಕೆಂದು ಗೊತ್ತು. ಮೂರು ವರ್ಷದ ಹಿಂದೆ, ಹಳೆಯ ಸಿರಪ್ಪಿನಲ್ಲಿ ಇದೇ ಅಂಶ ಹನ್ನೆರಡನೇ ತಿಂಗಳಿಗೇ 0.58 ಬಂದಿತ್ತು. ಪಾಸಾಗುವವರೆಗೆ ಮತ್ತೆ ಮತ್ತೆ ಪರೀಕ್ಷೆ ಮಾಡು ಎಂದೆ. ಮಾಡುವುದಿಲ್ಲ ಎಂದೆ ನೀನು. ಎಲ್ಲರ ಮುಂದೆ ನಾನು, ‘ಕಂಪನಿ ಕಟ್ಟೋಕ್ ಬಂದಿದ್ದೀಯಾ, ಮುಚ್ಚೋಕಾ?’ ಎಂದು ಕೇಳಿದೆ. ನೀನು ಬೀಗದ ಕೈ ಮೇಜಿನ ಮೇಲಿಟ್ಟು ಹೋದೆ. ಆ ದಿನ ನಿನ್ನ ನೋಟ್ ಪುಸ್ತಕದ ಕೊನೆಯ ಪುಟದಲ್ಲಿ, ಸಕ್ಕರೆಯ ಬದಲು ಬೇರೆ ಪಾಕ ಹಾಕಿ, ಕಂದು ಶೀಶೆಗೆ ತುಂಬಿ ನೋಡಿ ಎಂದು ಬರೆದಿದ್ದೆಯಲ್ಲ, ಅದನ್ನೇ ಮಾಡಿದೆವು. ಈಗಿನ ಸಿರಪ್ ಅದೇ. ನಿನಗೆ ಹೇಳಲಿಲ್ಲ. ಹೇಳಬೇಕಾಗಿತ್ತು.

ನಿನ್ನ ಅಣ್ಣ,
ಸ್ವಾಮಿ


ಗುಂಡ್ಲುಪೇಟೆ
20 ಜನವರಿ 2025

ಸ್ವಾಮಣ್ಣ,

ಸಂಕ್ರಾಂತಿಗೆ ನೀನು ಕಳಿಸಿದ ಎಳ್ಳುಬೆಲ್ಲ ಬಂತು. ಅದರೊಳಗೆ ಮಡಿಸಿಟ್ಟಿದ್ದ ಇಲಾಖೆಯ ಪತ್ರದ ಪ್ರತಿಯೂ ಬಂತು. ಬೆಲ್ಲ ಅಂಟಿಕೊಂಡಿತ್ತು, ಓದಲು ತೊಂದರೆಯಾಗಲಿಲ್ಲ. ದಾಖಲೆಯನ್ನು ತಳ್ಳಿಹಾಕಿಲ್ಲ. ಏಪ್ರಿಲ್‌ನಲ್ಲಿ ತಪಾಸಣೆಗೆ ಬರುತ್ತಾರೆ. ಅಷ್ಟರೊಳಗೆ ಇಂಥದ್ದು ಮತ್ತೆ ಆಗದಂತೆ ಏನು ಮಾಡಿದ್ದೀರಿ ಎಂದು ತೋರಿಸಬೇಕು. ‘ಸಿಬ್ಬಂದಿಗೆ ತಿಳಿವಳಿಕೆ ನೀಡಲಾಗಿದೆ’ ಎಂದು ಬರೆದರೆ ನಗುತ್ತಾರೆ. ತಿಳಿವಳಿಕೆ ಬೇಕಾಗಿದ್ದದ್ದು ಸಿಬ್ಬಂದಿಗಲ್ಲ.

ಇದರೊಂದಿಗೆ ನಾಲ್ಕು ಪುಟ ಇದೆ. ಆಯುಧಪೂಜೆ ಮಾಡುವ ವಿಧಾನ. ಶಾಖ ತೇವ ನೋಡಿಕೊಳ್ಳುವುದಕ್ಕೆ, ಕೈ ತೊಳೆಯುವುದಕ್ಕೆ ಕೂಡ ನಮ್ಮಲ್ಲಿ ಬರೆದ ವಿಧಾನ ಇದೆ, ಮೂವತ್ತು ವರ್ಷದಿಂದ ಮಾಡುತ್ತಿರುವ ಪೂಜೆಗೆ ಇಲ್ಲ. ಚೇಂಬರ್ ಓಡುತ್ತಿರುವಾಗಲೇ ಪೂಜೆ. ಹಾರ ಬಾಗಿಲ ಹಿಡಿಗೆ ಮಾತ್ರ, ಗಾಳಿಯ ಜಾಲರಿಗೆ ಅಲ್ಲ. ವಿಭೂತಿ ಬಾಗಿಲಿನ ಬಲಗಡೆ ಅಂಗೈಯಗಲ, ಮೀಟರಿನ ಗಾಜಿನ ಮೇಲೆ ಅಲ್ಲ. ಕರ್ಪೂರ, ಕುಂಬಳಕಾಯಿ ಕಟ್ಟಡದ ಹೊರಗೆ. ಸ್ವಿಚ್ಚಿಗೆ ಬೀಗ, ಬೀಗದ ಕೈ ಕ್ವಾಲಿಟಿಯವರ ಬಳಿ. ಯಜಮಾನರ ಬಳಿ ಅಲ್ಲ ಎಂದು ಬೇರೆಯಾಗಿ ಬರೆದಿದ್ದೇನೆ. ಬೇಸರ ಮಾಡಿಕೊಳ್ಳಬೇಡ. ದೊಡ್ಡಮ್ಮನಿಗೆ ಓದಿ ಹೇಳಿ, ಅವಳ ಒಪ್ಪಿಗೆ ತೆಗೆದುಕೊ. ಅವಳು ಒಪ್ಪದ ವಿಧಾನ ಆ ಮನೆಯಲ್ಲಿ ನಡೆದದ್ದಿಲ್ಲ.

ಕ್ರಿಸ್‌ಮಸ್ ದಿನ ಉಡಿಗಾಲಕ್ಕೆ ಹೋಗಿದ್ದೆ. ಮೂಗಯ್ಯ ಜಗುಲಿಯಲ್ಲಿ ಹಳೇ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದ. ಹೇಳಬೇಕಾದ ಮಾತನ್ನು ಅಂಗಡಿಯಲ್ಲಿ ಹತ್ತು ಸಲ ಹೇಳಿಕೊಂಡು ಅಭ್ಯಾಸ ಮಾಡಿದ್ದೆ. ಚೀಟಿ ತೆಗೆದು ಕೈಗೆ ಕೊಟ್ಟೆ. ಇಷ್ಟು ವರ್ಷ ಇಟ್ಟುಕೊಂಡಿದ್ದೆ. ನೋಡಿದ, ತಿರುಗಿಸಿ ನೋಡಿದ.

“ಗೊತ್ತಿತ್ತು ಬುಡಿ ಅವ್ವ” ಎಂದ. “ನಾ ಮೂರ್ನೇ ಕ್ಲಾಸ್ ಓದಿವ್ನಿ. ಎಂಬತ್ತು ಅಂತ ಓದೋಕ್ ಬತ್ತದೆ.”

“ಮತ್ತೆ ಯಾಕೆ ಹೇಳಲಿಲ್ಲ?”

“ಏಳಿದ್ರೆ ಚೀಟಿ ಬರ್ದೋರು ಓಯ್ತಿದ್ರು. ಗುಂಡಿ ತಿರ್ಗ್ಸೋನು ಇನ್ನೊಬ್ಬ ಸಿಕ್ತಾನೆ, ಚೀಟಿ ಬರಿಯೋರು ಸಿಕ್ತಾರಾ?”

ಅವನ ಹೆಂಡತಿ ಚಿಕ್ಕನಿಂಗಮ್ಮ ಒಳಗಿನಿಂದಲೇ, “ಚೀಟಿ ಬರಿಯೋ ಮಗ್ಳ್ನ ನಾನೇ ಎತ್ತಿವ್ನಿ ಈಗ, ಇನ್ ನೀ ಒತ್ತಿದ್ ಸಾಕು” ಎಂದಳು. ಕಾಫಿ ಕೊಟ್ಟಳು, ಕುಡಿದೆ. ಅವರು ಕ್ಷಮಿಸಿದರು ಎಂದು ಬರೆಯಲಾರೆ. ಅವನು ಚೀಟಿಯನ್ನು ವಾಪಸ್ ಕೊಡಲಿಲ್ಲ.

ನಾಗಲಕ್ಷ್ಮಿ


ಚಾಮರಾಜನಗರ
7 ಮೇ 2025

ನಾಗು,

ಸಿರಪ್ಪಿಗೆ ಅನುಮತಿ ಬಂತು. ಪತ್ರ ಸೋಮವಾರ ಬಂದದ್ದು. ಒಡೆದು ಮೊದಲು ಓದಿದವಳು ಕುಮಾರಿ. ಓದಿ, ನನ್ನ ಮೇಜಿನ ಮೇಲಿಟ್ಟು, ಬಾಗಿಲ ಹತ್ತಿರ ಹೋಗಿ ನಿಂತು ಅತ್ತಳು.

ಏಪ್ರಿಲ್ 17ರ ಇಪ್ಪತ್ನಾಲ್ಕನೇ ತಿಂಗಳ ಫಲಿತಾಂಶ 0.27. ಆದರೂ ಶೀಶೆಯ ಮೇಲೆ ಎರಡು ವರ್ಷ ಎಂದು ಹಾಕುವಂತಿಲ್ಲ. ಆ ಅರವತ್ತೆಂಟೂವರೆ ಗಂಟೆಯ ಕಾರಣಕ್ಕೆ ಸದ್ಯ ಹದಿನೆಂಟು ತಿಂಗಳು ಎಂದೇ ಹಾಕಬೇಕು. ಹೊಸದಾಗಿ ಮೂರು ಬ್ಯಾಚ್ ಮಾಡಿ, ಅವುಗಳ ಶೀಶೆಗಳನ್ನು ಮೊದಲಿನಿಂದ ಚೇಂಬರಿನಲ್ಲಿಟ್ಟು ತೋರಿಸಿದರೆ ಆಮೇಲೆ ಎರಡು ವರ್ಷಕ್ಕೆ ಏರಿಸುತ್ತಾರೆ. ನ್ಯಾಯವಾಗಿದೆ.

ತಪಾಸಣೆಗೆ ಇಬ್ಬರು ಬಂದಿದ್ದರು, ಎರಡು ದಿನ. ಹಿರಿಯರು ವರದಿ ತೆಗೆದು ನನ್ನನ್ನೇ ಕೇಳಿದರು, “ಇದು ನೀವೇನಾ?” ಹೌದು ಎಂದೆ. “ಇಂಥ ಜಾಗದಲ್ಲಿ ಎಲೆಕ್ಟ್ರಿಷಿಯನ್ ಹೆಸರು ಓದಿ ಓದಿ ಅಭ್ಯಾಸ ಆಗಿಬಿಟ್ಟಿದೆ” ಎಂದರು. ಬೇರೆ ಔಷಧಿಗಳ ದಾಖಲೆಗಳನ್ನೂ ಕೇಳಿದರು. ನಾನು ಹೆದರಿದ್ದು ಅದಕ್ಕೇ. ನೀನಿದ್ದಾಗಿನ ಹನ್ನೆರಡು ವರ್ಷದ ಪುಸ್ತಕಗಳನ್ನು ಕುಮಾರಿ ತಂದು ಜೋಡಿಸಿದಳು. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಮುಚ್ಚಿ ವಾಪಸ್ ಕೊಟ್ಟರು. ಆಯುಧಪೂಜೆಯ ವಿಧಾನವನ್ನು ಮಾತ್ರ ಇಬ್ಬರೂ ಓದಿದರು, ಚಿಕ್ಕವರು ಫೋಟೊ ತೆಗೆದುಕೊಳ್ಳಬಹುದೇ ಎಂದು ಕೇಳಿದರು. ಬರೆದವರು ಯಾರು ಎಂದದ್ದಕ್ಕೆ, ಹೊರಗಿನವರು ಎಂದೆ. “ಒಳಕ್ಕೆ ಕರ್ಕೊಳ್ಳಿ” ಎಂದರು ಹಿರಿಯರು.

ಅಮ್ಮನಿಗೆ ವಿಧಾನ ಓದಿ ಹೇಳಿದೆ. “ಓಡ್ತಿರೋ ಎತ್ಗೂ ಅಣೆಗೆ ಕುಂಕ್ಮ ಇಕ್ಬೌದು, ಇಕ್ಕೋರ್ಗೆ ಬರ್ಬೇಕು ಅಷ್ಟೇಯ” ಎಂದಳು. ಹಿಂದೆ ಹೇಳಿದ್ದು ನೆನಪೇ ಇಲ್ಲದವಳ ಹಾಗೆ!

ಮೂಗಯ್ಯ ಮಾರ್ಚ್ 31ಕ್ಕೆ ನಿವೃತ್ತನಾದ. ಬೀಳ್ಕೊಡುಗೆಯ ದಿನ ಎಲ್ಲರ ಮುಂದೆ 1998ರ ಮಾತನ್ನೂ, ಈ ಅಕ್ಟೋಬರಿನ ಮಾತನ್ನೂ ಹೇಳಿದೆ. ‘ನನ್ನ ಪಾಲನ್ನೂ ಹೇಳು’ ಎಂದು ಮಾರ್ಚಿನ ಕಾಗದದಲ್ಲಿ ನೀನು ಬರೆದಿದ್ದ ಹಾಗೆಯೇ, ನಿನ್ನ ಹೆಸರು ಹಿಡಿದೇ ಹೇಳಿದೆ. ಅವನು ಶಾಲು ಹೊದ್ದು ಕೂತಿದ್ದವನು, “ಸಾಕ್ ಬುಡಿ ಸಾರ್, ಊಟ ಆರ್ತದೆ” ಎಂದ. ಸಾರ್ ಎಂದ, ನಾಗು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ.

ಕೆಲಸದ ಮಾತು. ಹೊಸ ಬ್ಯಾಚ್‌ಗಳನ್ನು ತಯಾರಿಸುವಾಗ ಕಂಪನಿಯ ಸಂಬಳದಲ್ಲಿಲ್ಲದ ಒಬ್ಬ ಪರಿಶೀಲಕರು ನಿಂತು ನೋಡಿ ಸಹಿ ಹಾಕಬೇಕೆಂದು ಇಲಾಖೆ ಷರತ್ತು ಹಾಕಿದೆ. ನಿನ್ನ ಹೆಸರನ್ನು ಕಳಿಸಿದ್ದೇನೆ, ಅವರು ಒಪ್ಪಿದ್ದಾರೆ. ಮೊದಲೇ ನಿನ್ನನ್ನು ಕೇಳಲಿಲ್ಲ. ಆಗುವುದಿಲ್ಲ ಎಂದರೆ ಹದಿನೈದನೇ ತಾರೀಖಿನೊಳಗೆ ತಿಳಿಸು.

ಮೊದಲ ಬ್ಯಾಚ್‌ನ ತಯಾರಿ ಮೇ 19, ಸೋಮವಾರ, ಬೆಳಿಗ್ಗೆ ಒಂಬತ್ತೂವರೆಗೆ ಶುರು.

ಸ್ವಾಮಿ